ಐಸ್ ಫ್ಯಾಕ್ಟರಿಯೊಳಗೆ ಇನ್ನೂರ ಹನ್ನೆರಡು ಮನೆ

ಒಂದು ಕಾಲು ಗೋಡೆಯ ಆಚೆ, ಇನ್ನೊಂದು ಈಚೆ. ಗೋಡೆಯ ಮೇಲೆ ನೆಟ್ಟ ಗಾಜಿನ ಚೂರಿಗೆ ಪ್ಯಾಂಟಿನ ಅಂಚು ಸಿಕ್ಕಿಕೊಂಡಿತ್ತು.

"ಇಳೀರಿ ಮೇಡಂ. ಯಾರಾದ್ರೂ ನೋಡಿದ್ರೆ, ಪೊಲೀಸರೇ ನಿಂತು ಗೋಡೆ ಹಾರಿಸ್ತಿದಾರೆ ಅಂತಾರೆ," ಕೆಳಗಿನಿಂದ ಇನ್‌ಸ್ಪೆಕ್ಟರ್ ಹೇಳಿದ.

"ಗೇಟಿನ ಬೀಗದ ಕೈ ತರಿಸಿ ಅಂತ ನಾಲ್ಕು ದಿನದಿಂದ ಬಡ್ಕೋತಿದೀನಿ."

"ಅರ್ಜಿ ಹೋಗಿದೆಯಲ್ಲ."

"ಹೋಗಿದ್ದು ಬರೋ ಹೊತ್ತಿಗೆ ಐದು ಗಂಟೆ ಆಗಿರುತ್ತೆ," ಎಂದವಳೇ, ಬಟ್ಟೆ ಪರ್ರೆಂದು ಹರಿದದ್ದನ್ನೂ ಲೆಕ್ಕಿಸದೆ ಆಚೆ ಧುಮುಕಿದಳು.

ಐದು ಗಂಟೆಗೆ ಒಂದು ನಕ್ಷೆ ನಗರ ಯೋಜನಾ ಕಚೇರಿಗೆ ಹೋಗಬೇಕಿತ್ತು. ಅದರ ಕೆಳಗೆ ಅವಳ ಸಹಿ ಬೀಳಬೇಕಿತ್ತು.

ಅವಳು ಓದಿದ್ದು ಭೂಗೋಳ. ದುಡಿಯುವುದು ಮನೆಗಳ ಮಾರುಕಟ್ಟೆಯನ್ನು ಅಧ್ಯಯನ ಮಾಡುವ ಕಂಪನಿಯಲ್ಲಿ. ಎಲ್ಲಿ ಎಷ್ಟು ಜನ ಇದ್ದಾರೆ, ಮುಂದಿನ ಹತ್ತು ವರ್ಷದಲ್ಲಿ ಎಲ್ಲಿ ಮನೆ ಬೇಕಾಗುತ್ತದೆ, ಎಲ್ಲಿ ಜಾಗ ಖಾಲಿ ಇದೆ ಎಂಬುದನ್ನೆಲ್ಲ ಬಣ್ಣ ಬಳಿದು ತೋರಿಸುವುದು ಅವಳ ಕೆಲಸ. ಬಾಗಿಲು ತಟ್ಟಿ ಫಾರಂ ತುಂಬಿಸಿಕೊಂಡು ಬರುವುದು ಅವಳ ಭಾವನ ಕೆಲಸ. ಅಕ್ಕನ ಗಂಡ. ಇಪ್ಪತ್ತೆರಡು ವರ್ಷದಿಂದ ಸರ್ವೆಯವರು. ಇವಳಿಗೆ ಟೇಪು ಹಿಡಿಯುವುದನ್ನು ಕಲಿಸಿದವರೂ ಅವರೇ.

ಅವರು ತಂದ ಫಾರಂಗಳಲ್ಲಿ ಇನ್ನೂರ ಹನ್ನೆರಡು ಮನೆಗಳು ನಕ್ಷೆಯ ಮೇಲೆ ಒಂದೇ ಒಂದು ಚುಕ್ಕೆಯಲ್ಲಿ ಬಂದು ಬಿದ್ದಿದ್ದವು. ಆ ಚುಕ್ಕೆ ಈ ಮುಚ್ಚಿಹೋದ ಐಸ್ ಫ್ಯಾಕ್ಟರಿ. ಬೀದಿಗೇ ಕಾಲಿಡದೆ, ಎಲ್ಲೋ ಕೂತು ಸಂಸಾರಗಳನ್ನು ಹುಟ್ಟಿಸಿ ಬರೆದಿದ್ದಾರೆಂದು ಕಂಪನಿ ದೂರು ಕೊಟ್ಟಿತು. ಫಾರಂಗಳು ಕಂಪನಿಯ ಕಪಾಟಿನ ಬೀಗದೊಳಗೆ ಸೇರಿದವು; ಅವುಗಳಲ್ಲಿನ ವಿಳಾಸವನ್ನು ಯಾರೂ ನೋಡಲಿಲ್ಲ. ಅವಳು ಆಗ ಬೇರೆ ಊರಿನ ಕೆಲಸದ ಮೇಲಿದ್ದಳು. ವಾಪಸು ಬರುವಷ್ಟರಲ್ಲಿ ಭಾವ ಕಾಣೆಯಾಗಿ ನಾಲ್ಕು ದಿನವಾಗಿತ್ತು. ಇವತ್ತಿಗೆ ಎಂಟು.

ಬೆನ್ನಹಿಂದೆ ಧೊಪ್ಪೆಂದು ಸದ್ದಾಯಿತು. ಇನ್‌ಸ್ಪೆಕ್ಟರ್ ಕೂಡ ಹಾರಿದ್ದ. ಮಂಡಿ ಉಜ್ಜಿಕೊಳ್ಳುತ್ತಾ ಎದ್ದು, ಜೇಬಿನಿಂದ ಒಂದು ಲವಂಗ ತೆಗೆದು ಬಾಯಿಗೆ ಹಾಕಿಕೊಂಡ. ಸಿಗರೇಟು ಬಿಟ್ಟ ದಿನದಿಂದ ಅವನ ಇಡೀ ತನಿಖೆ ಲವಂಗದ ಮೇಲೇ ನಡೆಯುತ್ತಿತ್ತು.

"ನಿವೃತ್ತಿಗೆ ಇನ್ನು ಎರಡು ವರ್ಷ ಇದೆ ನಂಗೆ," ಎಂದ.

ಅವಳು ಆಗಲೇ ಮುಂದೆ ಹೋಗಿದ್ದಳು. ಕೈಯಲ್ಲಿ ಹಳದಿ ಅಳತೆ ಯಂತ್ರ, ಹೆಗಲಲ್ಲಿ ಚೀಲ. ಉಪ್ಪು ತಿಂದು ಸವೆದ ತೊಟ್ಟಿಗಳು, ತುಕ್ಕು ಹಿಡಿದ ಕೊಳವೆಗಳು, ಮೊಣಕಾಲೆತ್ತರದ ಕಳೆ. ನಕ್ಷೆಯ ಆ ಚುಕ್ಕೆಗೆ ಇನ್ನೆಷ್ಟು ಮೀಟರ್ ಎಂಬ ಅಂಕಿ ಯಂತ್ರದ ಪರದೆಯಲ್ಲಿ ಇಳಿಯುತ್ತಾ ಬಂತು. ಇಪ್ಪತ್ತು. ಹನ್ನೊಂದು. ನಾಲ್ಕು. ಒಂದು.

ಅವಳು ನಿಂತಳು. ಕಾಲ ಬುಡದ ಸಿಮೆಂಟಿನಲ್ಲಿ ಒಂದು ಮೊಳೆ ಹೊಡೆದಿತ್ತು. ಅದರ ಸುತ್ತ ಹಳದಿ ಬಣ್ಣದ ಒಂದು ವೃತ್ತ. ಪಕ್ಕದಲ್ಲಿ ಎಂಟು ದಿನದ ಹಿಂದಿನ ತಾರೀಖು, ಎಡಕ್ಕೆ ವಾಲಿದ ಅಕ್ಷರದಲ್ಲಿ.



"ಭಾವನ ಕೈ," ಎಂದಳು.

"ಅಂದ್ರೆ ಬಂದಿದ್ರು. ತಾವು ಸುಳ್ಳು ಬರೆದ ಜಾಗ ನೋಡೋಕೆ ಬಂದಿದ್ರು. ಕಳ್ಳ ಮತ್ತೆ ಅಲ್ಲಿಗೇ..."

"ಸಾರ್, ಸ್ವಲ್ಪ ಸುಮ್ನಿರ್ತೀರಾ?"

ಅವನು ಲವಂಗ ಕಡಿದ.

ಮೊಳೆಯಿಂದ ಹಳದಿ ಗೆರೆಯೊಂದು ಕಳೆಯೊಳಗೆ ಹೊರಟಿತ್ತು. ಅವಳು ಬಗ್ಗಿ, ಎರಡೂ ಕೈಯಿಂದ ಕಳೆ ಸರಿಸುತ್ತಾ ಅದರ ಬೆನ್ನು ಹಿಡಿದಳು. ಗೆರೆಯ ಆ ತುದಿಯಲ್ಲಿ ಇನ್ನೊಂದು ಮೊಳೆ, ಇನ್ನೊಂದು ವೃತ್ತ. ನಡುವೆ, ಗೆರೆಯ ಮೇಲೆ, ಆರು ಎಂದು ಬರೆದು ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ.

ಟೇಪು ಬಿಟ್ಟು ಅಳೆದಳು. ಆರು ಮೀಟರ್. ಒಂದು ಬೆರಳೂ ಹೆಚ್ಚಿಲ್ಲ, ಕಮ್ಮಿಯಿಲ್ಲ.

"ಮೊದಲನೇದು ತಪ್ಪಾಗಿ ಹೊಡೆದು, ಆಮೇಲೆ ಸರಿಯಾಗಿ ಇನ್ನೊಂದು ಹೊಡೆದಿದಾರೆ," ಇನ್‌ಸ್ಪೆಕ್ಟರ್ ತೀರ್ಪು ಕೊಟ್ಟ.

"ಭಾವ ಮೊಳೆ ತಪ್ಪಾಗಿ ಹೊಡೆಯಲ್ಲ."

"ಎಲ್ಲರ ಭಾವಂದಿರೂ ಹಾಗೇ ಮೇಡಂ."

ಅವಳು ಚೀಲದಿಂದ ಒಂದು ರಟ್ಟು ತೆಗೆದಳು. ಬೂಟಿನ ಡಬ್ಬಿಯ ದೊಡ್ಡ ಮುಚ್ಚಳ. ಅದನ್ನು ಡೊಂಕುಡೊಂಕಾಗಿ ಕತ್ತರಿಸಲಾಗಿತ್ತು. ಬೆಳಿಗ್ಗೆ ಅಕ್ಕ ಕೊಟ್ಟದ್ದು. ಅಕ್ಕನ ಮನೆ ಮುಂದೆ ಪೇದೆಯೊಬ್ಬ ಕುರ್ಚಿ ಹಾಕಿಕೊಂಡು ಕೂತಿದ್ದ. ಅಕ್ಕ ಬಾಗಿಲಿಗೂ ಅಡುಗೆಮನೆಗೂ ಓಡಾಡುತ್ತಾ, ಎರಡು ಕಡೆಯೂ ನಿಲ್ಲಲಾರದೆ, ಈ ರಟ್ಟನ್ನು ತಂದು ಮುಂದೆ ಹಿಡಿದಿದ್ದಳು. "ಹೋಗೋ ಹಿಂದಿನ ದಿನ ಇದನ್ನ ಪೆನ್ಸಿಲ್ ತುದಿ ಮೇಲೆ ನಿಲ್ಲಿಸ್ತಾ ಕೂತಿದ್ರು ಕಣೇ ಗುಬ್ಬಿ. ಮಕ್ಕಳ ಹಾಗೆ. ತಲೆ ಕೆಟ್ಟಿತ್ತೋ ಏನೋ." ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿದ್ದಳು: "ನಿನ್ನ ನಕ್ಷೆಗಿಕ್ಷೆ ನಂಗೆ ಬೇಕಿಲ್ಲ. ಅವರನ್ನ ಕರ್ಕೊಂಡು ಬಾ."

ಭಾವನ ತಲೆ ಕೆಟ್ಟಿರಲಿಲ್ಲ. ರಟ್ಟಿನ ಆಕಾರ ನೋಡಿದೊಡನೆ ಅವಳಿಗೆ ಗೊತ್ತಾಗಿತ್ತು: ಅದು ವಾರ್ಡು. ಒಂದು ಆಕಾರದ ನಟ್ಟನಡುವೆ ಯಾವುದೆಂದು ತಿಳಿಯಬೇಕಾದರೆ ಯಂತ್ರ ಬೇಕಿಲ್ಲ. ರಟ್ಟಿನಲ್ಲಿ ಕತ್ತರಿಸಿ ಪೆನ್ಸಿಲ್ ತುದಿಯ ಮೇಲಿಡಬೇಕು. ಎಲ್ಲಿ ವಾಲದೆ ನಿಲ್ಲುತ್ತದೋ ಅದೇ ನಡು.

"ಕೇಳಿ ಸಾರ್," ಎಂದಳು. "ಫಾರಂನಲ್ಲಿರೋ ವಿಳಾಸಾನ ನಮ್ಮ ಆಫೀಸಿನ ಯಂತ್ರ, ಅಂದ್ರೆ ಕಂಪ್ಯೂಟರು, ನಕ್ಷೇಲಿ ಹುಡುಕುತ್ತೆ. ಸಿಕ್ಕಿದ್ರೆ ಸರಿ. ಸಿಗದೇ ಇದ್ರೆ ಬಿಟ್ಟುಬಿಡಲ್ಲ. ವಾರ್ಡಿನ ನಟ್ಟನಡುವೆ ತಂದು ಕೂರಿಸಿಬಿಡುತ್ತೆ."

"ಯಾಕೆ?"

"ಎಲ್ಲಾದ್ರೂ ಕೂರಿಸ್ಬೇಕಲ್ಲ."

"ಅಂದ್ರೆ... ಮನೆಗಳು ಇವೆ?"

"ಇವೆ. ಇಲ್ಲಿಲ್ಲ ಅಷ್ಟೆ. ಯಂತ್ರಕ್ಕೆ ಸಿಕ್ಕಿಲ್ಲ."

ಇನ್‌ಸ್ಪೆಕ್ಟರ್ ಸುತ್ತ ನೋಡಿದ. ಐಸ್ ಫ್ಯಾಕ್ಟರಿಯ ಮೇಲೆ ಅವನಿಗಿದ್ದ ಅನುಮಾನವೆಲ್ಲ ಮುಖದಿಂದ ನಿಧಾನವಾಗಿ ಇಳಿದುಹೋಯಿತು. "ಹಾಗಾದ್ರೆ ಇದು ಯಾರ ತಪ್ಪೂ ಅಲ್ಲ. ಯಂತ್ರದ್ದು."

"ಅಲ್ಲ. ಈಗಿನ ವಾರ್ಡಿನ ನಡು ಇದಲ್ಲ. ಎರಡು ವರ್ಷದ ಹಿಂದೆ ರೈಲು ಹಳಿಯಾಚೆ ಇದ್ದ ಕೇರೀನ ವಾರ್ಡಿಗೆ ಸೇರಿಸಿದ್ರು. ಆಗ ನಡು ಸರಿದು ನೀರಿನ ಟ್ಯಾಂಕಿನ ಹತ್ರ ಹೋಯ್ತು, ಇಲ್ಲಿಂದ ಮುನ್ನೂರು ಮೀಟರ್. ಇದು ಹಳೇ ಸರಹದ್ದಿನ ನಡು. ಯಾರೋ ಹಳೇ ಸರಹದ್ದು ಹಾಕಿ ಯಂತ್ರ ಓಡಿಸಿದಾರೆ. ಹಳೇ ವಾರ್ಡಿನಲ್ಲಿ ಹಳಿಯಾಚೆಯ ಕೇರಿ ಇಲ್ಲ. ಅಲ್ಲಿನ ವಿಳಾಸ ಸಿಗಲ್ಲ. ಎಲ್ಲಾ ಇಲ್ಲಿ ಬಂದು ಬೀಳುತ್ತೆ, ಆ ಕಡೆ ನಕ್ಷೆ ಬರೀ ಬಿಳೀ."

"ಬಿಳೀ ಅಂದ್ರೆ?"

"ಜನವಸತಿ ಇಲ್ಲ ಅಂತ. ಹೊಸ ವಸತಿ ಯೋಜನೆಗೆ ಖಾಲಿ ಜಾಗ ಅಂತ."

ಅದೇ ನಕ್ಷೆಯ ಕೆಳಗೆ ಅವಳ ಸಹಿಗಾಗಿ ಒಂದು ಗೆರೆ ಕಾಯುತ್ತಿತ್ತು.

"ಸರಿ. ಹಳೇ ಸರಹದ್ದು ಯಾರ ಹತ್ರ ಇರುತ್ತೆ?"

"ಎಲ್ಲರ ಹತ್ರಾನೂ. ಸರ್ಕಾರ ಅಚ್ಚು ಹಾಕಿಸಿದ ನಕ್ಷೇಲೇ ಇದೆ."

"ಹೋಯ್ತು ಬಿಡಿ," ಎಂದು ಅವನು ಕೈ ಝಾಡಿಸಿದ.

ಅವಳು ರಟ್ಟನ್ನು ನೆಲದಲ್ಲಿಟ್ಟು, ಪೆನ್ಸಿಲ್ ತುದಿ ಅದರಲ್ಲಿ ಮಾಡಿದ್ದ ತೂತಿನ ಜಾಗ ಅಳೆದಳು. ಭಾವ ಕತ್ತರಿಸಿದ್ದು ಅಚ್ಚಾದ ಹಳೇ ನಕ್ಷೆಯ ಆಕಾರ. ರಟ್ಟಿನ ನಡು ಒಂದು ಮೊಳೆಗೆ ಸರಿಯಾಗಿ ಕೂತಿತು. ಆದರೆ ಇನ್ನೂರ ಹನ್ನೆರಡು ಮನೆ ಬಿದ್ದದ್ದು ಆ ಮೊಳೆಯ ಮೇಲಲ್ಲ. ಇನ್ನೊಂದರ ಮೇಲೆ. ಆರು ಮೀಟರ್ ಆಚೆ, ಕಾಲುವೆಗೆ ಬೆನ್ನು ಹಾಕಿದ ದಿಕ್ಕಿಗೆ.

ಕಾಲುವೆ.

ಮೂಗಿನೊಳಗೆ ಒಮ್ಮೆಲೇ ಕೆಸರು ನೀರಿನ ವಾಸನೆ ನುಗ್ಗಿತು.

ಹನ್ನೊಂದು ವರ್ಷದ ಹಿಂದೆ, ಎಂಟು ಜನ ವಿದ್ಯಾರ್ಥಿಗಳು ಇದೇ ವಾರ್ಡಿನ ಸರಹದ್ದಿನ ಮೇಲೆ ನಡೆದು ಅಳೆದಿದ್ದರು. ಸರಹದ್ದು ಕಾಲುವೆಯ ನಡುವೆ ಹಾದುಹೋಗಬೇಕಿತ್ತು. ಟೇಪಿನ ತುದಿ ಹಿಡಿದು ನೀರಿಗಿಳಿದವಳು ಇವಳೇ. ಜಾರಿದಳು. ಕುತ್ತಿಗೆ ಮಟ್ಟ ನೀರು. ನಾಲ್ಕು ಜನ ಸೇರಿ ಎಳೆದು ದಂಡೆಗೆ ಹಾಕಿದರು. ಮೇಷ್ಟ್ರು ತಮ್ಮ ಕೋಟು ಬಿಚ್ಚಿ ಅವಳ ಮೇಲೆ ಹೊದಿಸಿದರು. "ಈ ದಂಡೆ ಮೇಲೇ ಗೆರೆ ಎಳೀರಿ. ಹನ್ನೆರಡು ಮೀಟರ್‌ಗೆ ಆಕಾಶ ಕಳಚಿ ಬೀಳಲ್ಲ."

ಒಂದು ಪಕ್ಕದಲ್ಲಿ ಹನ್ನೆರಡು ಮೀಟರ್ ಕತ್ತರಿಸಿದರೆ ನಡು ಆರು ಮೀಟರ್ ಸರಿಯುತ್ತದೆ. ಅಚ್ಚಾದ ನಕ್ಷೆಯಲ್ಲಿ ಆ ತಪ್ಪು ಇಲ್ಲ. ಲೋಕದಲ್ಲಿ ಒಂದೇ ಒಂದು ಪ್ರತಿಯಲ್ಲಿ ಅದಿದೆ, ಮೇಷ್ಟ್ರ ಸ್ವಂತ ಪ್ರತಿಯಲ್ಲಿ. ಆ ಮೇಷ್ಟ್ರು ಈಗ ಅವಳ ಕಂಪನಿಯ ನಿರ್ದೇಶಕರು. ಅವಳನ್ನು ಕೆಲಸಕ್ಕೆ ಸೇರಿಸಿಕೊಂಡವರು. ಭಾವನ ಮೇಲೆ ದೂರು ಬರೆದವರು.

ತನ್ನದೇ ತಪ್ಪು ಎದ್ದು ಬಂದು ಮೊಳೆಯಾಗಿ ಕಾಲ ಬುಡದಲ್ಲಿ ನಿಂತಿತ್ತು.

"ಏನಾಯ್ತು ಮೇಡಂ? ಮುಖ ಬೆಳ್ಳಗಾಯ್ತು."

ಅವಳು ಹೇಳಿದಳು. ಇನ್‌ಸ್ಪೆಕ್ಟರ್ ಪೂರ್ತಿ ಕೇಳಿ ತಲೆ ಕೆರೆದುಕೊಂಡ. "ಆರು ಮೀಟರ್ ಅಂತ ಕೋರ್ಟಲ್ಲಿ ಹೇಳಿದ್ರೆ ನಗ್ತಾರೆ. ನಂಗೆ ಕಣ್ಣಿಗೆ ಕಾಣೋ ಮನೆ ಬೇಕು, ಮನೆಯೊಳಗೆ ಜನ ಬೇಕು."

"ಹಾಗಾದ್ರೆ ಹಳಿಯಾಚೆ ಹೋಗಿ ನೋಡಿ! ಈಗಲೇ ಹೋಗಿ. ಮನೆಮನೆ ನೋಡಿ. ನಾನು ಆಫೀಸಿಗೆ ಹೋಗ್ತೀನಿ."

"ಹೋಗ್ತೀನಿ. ಆದ್ರೆ ಒಂದು ಮಾತು ಮೇಡಂ," ಅವನ ದನಿ ಮೊದಲ ಸಲ ಹಗುರ ಕಳೆದುಕೊಂಡಿತು. "ನಿಮ್ಮ ಭಾವ ಎಲ್ಲೇ ಸಿಕ್ಕಿದ್ರೂ ನಾನು ಒಳಗೆ ಹಾಕ್ಲೇಬೇಕು. ದೂರು ಇರೋವರೆಗೆ ಬೇರೆ ದಾರಿ ಇಲ್ಲ."

"ಸಿಕ್ಕಿದಾಗ ನೋಡೋಣ," ಎಂದು ಅವಳು ಮತ್ತೆ ಗೋಡೆ ಹತ್ತಿದಳು.

* * *

ಎರಡೂ ಮುಕ್ಕಾಲಿಗೆ ಅವಳು ಆಫೀಸಿನ ಮೂರನೇ ಮಹಡಿಯಲ್ಲಿ ಮೇಷ್ಟ್ರ ಕೋಣೆಯ ಬಾಗಿಲು ದೂಡಿದಳು.

ಮೇಷ್ಟ್ರು ಬ್ಲೇಡಿನಿಂದ ಪೆನ್ಸಿಲ್ ಚೂಪು ಮಾಡುತ್ತಾ ಕೂತಿದ್ದರು. ಕಂಪನಿಯಲ್ಲಿ ಪೆನ್ಸಿಲ್ ಹಿಡಿಯುವವರು ಅವರೊಬ್ಬರೇ ಉಳಿದಿದ್ದರು. ಮೇಜಿನ ಮೇಲೆ ನಕ್ಷೆ ಹರಡಿತ್ತು. ಕೆಂಪು, ಕಿತ್ತಳೆ, ಹಳದಿ. ರೈಲು ಹಳಿಯಾಚೆ, ಬಿಳಿ. ನಕ್ಷೆಯ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟಿದ್ದರು. ಪಕ್ಕದಲ್ಲಿ ಹಳೆಯ ಕಪ್ಪು ಟೆಲಿಫೋನು.

"ಬಾರಮ್ಮ. ಇದೇನು, ಪ್ಯಾಂಟು ಹರಿದಿದೆ?"

"ಐಸ್ ಫ್ಯಾಕ್ಟರಿ ಗೋಡೆ ಹಾರಿದೆ ಸರ್."

ಬ್ಲೇಡು ನಿಂತಿತು. "ಈ ವಯಸ್ಸಲ್ಲಿ?"

"ಕಾಲುವೆಗೆ ಬಿದ್ದಾಗ್ಲೂ ನೀವು ಹೀಗೇ ಕೇಳಿದ್ರಿ. ಈ ವಯಸ್ಸಲ್ಲಿ ಈಜು ಬರಲ್ವಾ ಅಂತ."

ಅವಳು ರಟ್ಟನ್ನು ನಕ್ಷೆಯ ಮೇಲಿಟ್ಟಳು. ಟ್ಯಾಕ್ಸಿಯಲ್ಲಿ ಬರುವಾಗ ಭಾವನ ತೂತಿನ ಪಕ್ಕದಲ್ಲಿ ತಾನೇ ಪಿನ್ನಿನಿಂದ ಇನ್ನೊಂದು ಚುಚ್ಚಿದ್ದಳು. ಎರಡಕ್ಕೂ ನಡುವೆ ಅಕ್ಕಿಕಾಳಿನ ಅಗಲವಷ್ಟೇ ಅಂತರ.

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. ಬಹಳ ಹೊತ್ತು ನೋಡಲಿಲ್ಲ. ಅವರಿಗೆ ಬಹಳ ಹೊತ್ತು ಬೇಕಿರಲಿಲ್ಲ.

"ಹನ್ನೆರಡು ಮೀಟರ್," ಎಂದರು. ತುಟಿಯಂಚಿನಲ್ಲಿ ನಗು ಬಂತು, ತರಗತಿಯಲ್ಲಿ ಒಳ್ಳೆಯ ಉತ್ತರ ಕೇಳಿದಾಗ ಬರುತ್ತಿದ್ದ ಅದೇ ನಗು. "ನೋಡು, ಕಂಪ್ಯೂಟರಿನಲ್ಲಿ ಕೈಗೆ ಮೊದಲು ಸಿಕ್ಕಿದ ಹಳೇ ಸರಹದ್ದು ಹಾಕ್ದೆ. ಅದು ನಂದೇ ಪ್ರತಿ ಅಂತ ಮರೆತೇಹೋಗಿತ್ತು. ನೀನು ಅವತ್ತು ಜಾರದೇ ಇದ್ದಿದ್ರೆ ಸಿಕ್ಕಿಬೀಳ್ತಿರಲಿಲ್ಲ."

ಅವಳು ಜಗಳಕ್ಕೆ ಸಿದ್ಧವಾಗಿ ಬಂದಿದ್ದಳು. ಅವರು ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದು ಕಾಲಡಿಯ ನೆಲ ಎಳೆದಂತಾಯಿತು. ಕೂರಲಾಗದೆ ಕಿಟಕಿಗೆ ಹೋದಳು, ವಾಪಸು ಬಂದಳು.

"ಇನ್ನೂರ ಹನ್ನೆರಡು ಸಂಸಾರ ಸರ್!"

"ನಾನು ಯಾರನ್ನೂ ಓಡಿಸಿಲ್ಲ. ಒಂದು ಹಳೇ ಗೆರೆ ಹಾಕ್ದೆ ಅಷ್ಟೆ. ನಾಳೆ ಅಲ್ಲಿ ಆರು ಸಾವಿರ ಜನಕ್ಕೆ ಮನೆ ಆಗುತ್ತೆ. ಇದು ನೀನೇ ಮಾಡಿದ ಲೆಕ್ಕ. ಈ ಊರಿಗೆ ಎಷ್ಟು ಮನೆ ಬೇಕು ಅಂತ ನೀನೇ ಬರೆದಿದ್ದು."

"ಇರೋರನ್ನ ಅಳಿಸಿ ಅಂತ ಬರೀಲಿಲ್ಲ."

"ಬರೀಬೇಕಾಗಿರಲಿಲ್ಲ," ಎಂದರು ಮೇಷ್ಟ್ರು. ಗಡಿಯಾರ ನೋಡಿದರು. ಬಂದಾಗಿನಿಂದ ಅದು ಮೂರನೆಯ ಸಲ. ಗಡಿಯಾರ ನೋಡಿ ಆಮೇಲೆ ಟೆಲಿಫೋನು ನೋಡುತ್ತಿದ್ದರು.

"ಯಾರ ಫೋನ್ ಕಾಯ್ತಿದೀರಿ?"

ಮೇಷ್ಟ್ರು ಪೆನ್ಸಿಲ್ ಕೆಳಗಿಟ್ಟರು. "ನಿಮ್ಮ ಭಾವಂದು."



"ದಿನಾ ಮೂರು ಗಂಟೆಗೆ ಮಾಡ್ತಾನೆ. ಎಲ್ಲಿಂದ ಅಂತ ಹೇಳಲ್ಲ. ಒಂದೇ ಪ್ರಶ್ನೆ ಕೇಳಿ ಇಟ್ಟುಬಿಡ್ತಾನೆ. ನಾನು ಅವನನ್ನ ಕೂಡಿಹಾಕಿಲ್ಲ ಕಣಮ್ಮ, ಆ ಥರ ನೋಡಬೇಡ. ಪೊಲೀಸಿಗೆ ಹೆದರಿ ಎಲ್ಲೋ ಅಡಗಿದಾನೆ. ಮನೆಗೆ ಮಾಡಿದ್ರೆ ಅವರು ಕೇಳಿಸ್ಕೋತಾರೆ ಅಂತ ನಂಗೆ ಮಾಡ್ತಾನೆ."

"ಎಂಟು ದಿನದಿಂದ ಅಕ್ಕ ಸಾಯ್ತಿದಾಳೆ. ನೀವು ಒಂದು ಮಾತು..."

"ಅದಕ್ಕೇ ಈಗ ಹೇಳ್ತಿದೀನಿ." ಅವರು ಖಾನೆಯಿಂದ ಒಂದು ಕಾಗದ ತೆಗೆದು ನಕ್ಷೆಯ ಬಿಳಿ ಜಾಗದ ಮೇಲಿಟ್ಟರು. ದೂರು ವಾಪಸು ತೆಗೆದುಕೊಳ್ಳುವ ಅರ್ಜಿ. ಮೇಷ್ಟ್ರ ಸಹಿ ಆಗಲೇ ಬಿದ್ದಿತ್ತು. "ನೀನು ನಕ್ಷೆಗೆ ಸಹಿ ಹಾಕು. ನಾನು ಇದನ್ನ ಸ್ಟೇಷನ್ನಿಗೆ ಕಳಿಸ್ತೀನಿ. ಯಂತ್ರದ ದೋಷ, ಯಾರದ್ದೂ ತಪ್ಪಿಲ್ಲ ಅಂತ ಬರೆದಿದೀನಿ. ಸಾಯಂಕಾಲ ಅವನು ಮನೇಲಿರ್ತಾನೆ, ಕೆಲಸಾನೂ ಇರುತ್ತೆ. ಸಹಿ ಹಾಕ್ಲಿಲ್ಲ ಅನ್ನು, ನಾನೇ ಹಾಕಿ ಕಳಿಸ್ತೀನಿ. ನಕ್ಷೆ ಹೇಗಿದ್ರೂ ಹೋಗುತ್ತೆ. ನಿನ್ನ ಕೈಲಿರೋದು ಅವನು ಮಾತ್ರ."

ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ಅವಳ ಸಹಿಯಿಲ್ಲದೆ ಯೋಜನಾ ಕಚೇರಿ ನಕ್ಷೆ ಮುಟ್ಟುವುದಿಲ್ಲ. ಗೊತ್ತಿದ್ದೂ ಆ ಅರ್ಜಿಯ ಮೇಲಿಂದ ಕಣ್ಣು ಕೀಳಲಾಗಲಿಲ್ಲ. ಬಾಗಿಲಿಗೂ ಅಡುಗೆಮನೆಗೂ ನಡುವೆ ಓಡಾಡುವ ಅಕ್ಕನ ಬರಿಗಾಲು ಕಣ್ಣಮುಂದೆ ಬಂತು.

ನಕ್ಷೆಯನ್ನು ಆಮೇಲೆ ಸರಿಪಡಿಸಬಹುದು, ಎಂದುಕೊಂಡಳು. ಹೊಸದನ್ನು ಕಳಿಸಬಹುದು. ತಪ್ಪಾಗಿತ್ತು ಎಂದು ಬರೆಯಬಹುದು. ಒಮ್ಮೆ ಹೋದ ನಕ್ಷೆ ವಾಪಸು ಬಂದದ್ದನ್ನು ತಾನು ಈ ಒಂಬತ್ತು ವರ್ಷದಲ್ಲಿ ಕಂಡಿಲ್ಲ ಎಂಬುದನ್ನು ನೆನೆಯದಿರಲು ಬೇಗಬೇಗ ಪೆನ್ನು ತೆಗೆದುಕೊಂಡಳು. ಸಹಿಯ ಮೊದಲ ಅಕ್ಷರ ಬಿತ್ತು.

ಟೆಲಿಫೋನು ಬಡಿದುಕೊಂಡಿತು.

"ಎತ್ತು," ಎಂದರು ಮೇಷ್ಟ್ರು. "ನೀನೇ ಹೇಳು ಅವನಿಗೆ."

ಎತ್ತಿದಳು.

"ಸರಿ ಮಾಡಿದ್ರಾ ಸರ್?" ಎಂಟು ದಿನದಿಂದ ಕೇಳದ ಆ ದನಿ ಸ್ವಲ್ಪವೂ ಸೊರಗಿರಲಿಲ್ಲ.

"ಭಾವ. ನಾನು."

ಆ ಕಡೆ ಎಲ್ಲೋ ಮಕ್ಕಳ ಗಲಾಟೆ.

"ಗುಬ್ಬಿ? ಮೊಳೆ ನೋಡಿದ್ಯಾ?"

"ಎರಡೂ ನೋಡಿದೆ."

"ಭೇಷ್. ಆ ಆರು ಮೀಟರ್ ಯಾಕೆ ಅಂತ ನಂಗೆ ಹೊಳೀಲೇ ಇಲ್ಲ ಕಣೇ. ನಿಂಗೆ ಹೊಳೆಯುತ್ತೆ ಅಂತ ಬರೆದಿಟ್ಟು ಬಂದೆ."

"ಅದನ್ನ ಆಮೇಲೆ ಹೇಳ್ತೀನಿ. ಕೇಳಿ ಭಾವ, ದೂರು ವಾಪಸ್ ತಗೋತಿದಾರೆ. ಅರ್ಜಿ ನನ್ನೆದುರಿಗೇ ಇದೆ. ನಾನು ಸಹಿ ಹಾಕ್ತಿದೀನಿ. ನೀವು ಸಾಯಂಕಾಲ ಮನೆಗೆ ಬನ್ನಿ. ಅಕ್ಕ ಸರಿಯಾಗಿ ಊಟ ಮಾಡಿ ಎಂಟು ದಿನ ಆಯ್ತು."

"ಯಾವುದಕ್ಕೆ ಸಹಿ?"

ಅಷ್ಟರಲ್ಲಿ ಟೆಲಿಫೋನಿನೊಳಗೆ ಒಂದು ಸದ್ದು ಏಳತೊಡಗಿತು. ದೂರದಿಂದ ಹತ್ತಿರ, ಹತ್ತಿರದಿಂದ ಕಿವಿಯೊಳಗೆ. ಗೂಡ್ಸ್ ರೈಲು. ಒಂದೊಂದೇ ಡಬ್ಬಿ ಹಳಿಯ ಸಂದಿನ ಮೇಲೆ ಧಡಕ್ಕೆನ್ನುತ್ತಾ ಭಾವನ ಬೆನ್ನಿಗೇ ಹಾದುಹೋಗುತ್ತಿತ್ತು.

ಯಾವ ಪೊಲೀಸಿಗೂ ಎಂಟು ದಿನ ಅವರು ಸಿಗದೇ ಇದ್ದದ್ದು ಏಕೆಂದು ಅವಳಿಗೆ ಹೊಳೆಯಿತು. ಅವರಿದ್ದದ್ದು ಹಳಿಯಾಚೆ; ಆ ಬೀದಿ ನಕ್ಷೆಯಲ್ಲೇ ಇರಲಿಲ್ಲ. ಆ ಬೀದಿಗೆ, ಮನೆಮನೆ ನೋಡಿ ಎಂದು ಹೇಳಿ, ಇನ್‌ಸ್ಪೆಕ್ಟರನ್ನು ಅಟ್ಟಿದವಳು ತಾನೇ.

"ಭಾವ! ಅಲ್ಲಿಂದ ಹೊರಡಿ. ಈಗಲೇ. ಪೊಲೀಸರು ಆ ಕಡೆ ಬರ್ತಿದಾರೆ. ನಾನೇ... ನಂಗೆ ಗೊತ್ತಿರಲಿಲ್ಲ, ನಾನೇ ಕಳಿಸಿದೆ."

"ಬಂದ್ರಾ? ಹ್ಞೂಂ, ಬೀದಿ ತುದೀಲಿ ಜೀಪು ನಿಂತಿದೆ. ಒಬ್ಬರು ಮಂಡಿ ಉಜ್ಕೋತಾ ಇಳೀತಿದಾರೆ."

"ಹಿಂದಿನಿಂದ ಹಳಿ ದಾಟಿ. ನೇರ ಇಲ್ಲಿಗೆ ಬಂದುಬಿಡಿ. ಅರ್ಜಿ ಹೋದ್ರೆ ನಿಮ್ಮನ್ನ ಯಾರೂ ಮುಟ್ಟಲ್ಲ. ನಾನು ಈಗ್ಲೇ ಸಹಿ ಮುಗಿಸ್ತೀನಿ."

"ನೂರ ಎಂಬತ್ತೊಂದು ಆಯ್ತು ಗುಬ್ಬಿ," ಎಂದರು ಭಾವ. ಪಕ್ಕದಲ್ಲಿದ್ದ ಯಾರಿಗೋ, ಒಂದ್ನಿಮಿಷ ಇರೀಮ್ಮ ಬಂದೆ, ಎಂದದ್ದು ಕೇಳಿಸಿತು. "ಮೊದಲಿನಿಂದ ಮತ್ತೆ ಬರೀತಿದೀನಿ. ಈ ಸಲ ಬಾಗಿಲು ಬಾಗಿಲಿಗೂ ಮನೆಯವರ ಸಹಿ ಇದೆ. ಇನ್ನು ಮೂವತ್ತೊಂದು ಮನೆ. ಮೇಷ್ಟ್ರು ಎದುರಿಗೇ ಇದಾರಾ?"

"ಇದಾರೆ."

"ಕೊಡು."

ಅವಳು ರಿಸೀವರನ್ನು ಮೇಷ್ಟ್ರತ್ತ ಚಾಚಿದಳು. ಮೇಷ್ಟ್ರು ತೆಗೆದುಕೊಳ್ಳಲಿಲ್ಲ, ಕುರ್ಚಿಯಲ್ಲಿ ಹಿಂದೆ ಸರಿದರು. ರಿಸೀವರು ಇಬ್ಬರ ನಡುವೆ ನಕ್ಷೆಯ ಮೇಲೆ ತೂಗುತ್ತಾ ನಿಂತಿತು. ಅದರೊಳಗಿಂದ ಭಾವನ ದನಿ ಕೋಣೆಗೆಲ್ಲ ಕೇಳುವಷ್ಟು ಜೋರಾಗಿ ಬಂತು.

"ಅವಳು ಸಹಿ ಹಾಕಿದ್ರೂ ಅಷ್ಟೆ ಮೇಷ್ಟ್ರೇ, ನೀವು ದೂರು ಹರಿದು ಹಾಕಿದ್ರೂ ಅಷ್ಟೆ. ಈ ಮೂವತ್ತೊಂದು ಮನೆ ಬರೆದು ಮುಗಿಸದೆ ನಾನು ಬರಲ್ಲ."